ಕೊರಳಲ್ಲಿ ಉಳಿದ ನಾಲ್ಕು ಸುತ್ತು

ಗಿಟಾರ್ ನುಡಿಸುವವರು ತಮ್ಮ ಮೊದಲ ರೆಕಾರ್ಡಿಗೆ ಕೃತಿಗಳನ್ನು ಆರಿಸುತ್ತಿರುವಾಗ ಅವರ ಮನೆ ಕಡೆ ತಲೆ ಹಾಕಬಾರದು. ಹಾಕಿದರೂ ಅಭಿಪ್ರಾಯ ಹೇಳಬಾರದು. ಇದು ಕತ್ತರಿ ಚಿಕ್ಕಪ್ಪನಿಗೆ ಚೆನ್ನಾಗಿ ಗೊತ್ತಿತ್ತು. ಆದರೆ ಹುಡುಗಿಯೇ ಅವರ ಮನೆಗೆ ಬಂದು, ಅವರ ಊಟದ ಮೇಜಿನ ಮೇಲೆ ಕೃತಿಗಳ ಹೆಸರು ಬರೆದ ಚೀಟಿಗಳನ್ನು ಹರಡಿಕೊಂಡು ಕೂತರೆ ಪಾಪ ಅವರಾದರೂ ಎಲ್ಲಿಗೆ ಹೋಗಬೇಕು?

ಹುಡುಗಿ ಎಂದರೆ ಅವರ ಅಣ್ಣನ ಮಗಳು. ಮೂವತ್ತರ ಹೊಸ್ತಿಲಿಗೆ ಬಂದಿದ್ದರೂ ಆ ಮನೆಯಲ್ಲಿ ಅವಳು ಹುಡುಗಿಯೇ. ಗಿಟಾರ್ ಪಾಠ ಹೇಳುವುದು ಅವಳ ಕೆಲಸ, ಬಲಗೈಯ ಉಗುರುಗಳನ್ನು ಕಾಪಾಡಿಕೊಳ್ಳುವುದು ಅವಳ ಧರ್ಮ. ಪಾತ್ರೆ ತೊಳೆಯುವ ಸರದಿ ಬಂದಾಗಲೆಲ್ಲ ಆ ಉಗುರುಗಳನ್ನು ಮುಂದೆ ಹಿಡಿದು ತೋರಿಸುತ್ತಿದ್ದಳು, ಚಿಕ್ಕಮ್ಮ ಗೊಣಗುತ್ತಲೇ ಸೆರಗು ಸಿಕ್ಕಿಸಿಕೊಳ್ಳುತ್ತಿದ್ದರು.

ಚಿಕ್ಕಪ್ಪ ಮೂವತ್ತು ವರ್ಷ ಒಂದು ರೆಕಾರ್ಡ್ ಕಂಪನಿಯಲ್ಲಿ ಟೇಪು ಕತ್ತರಿಸಿ ಅಂಟಿಸುವ ಕೆಲಸ ಮಾಡಿ ನಿವೃತ್ತರಾದವರು. ನಿಜ ಹೇಳಬೇಕೆಂದರೆ ಅವರು ಕತ್ತರಿ ಹಿಡಿದವರೇ ಅಲ್ಲ, ಟೇಪು ಕತ್ತರಿಸುತ್ತಿದ್ದದ್ದು ದಾಡಿ ಮಾಡುವ ಬ್ಲೇಡಿನಿಂದ. ಆದರೆ ಬ್ಲೇಡು ಎಂಬ ಅಡ್ಡಹೆಸರಿಗಿಂತ ಕತ್ತರಿಯೇ ವಾಸಿ ಎಂದು ಒಪ್ಪಿಕೊಂಡುಬಿಟ್ಟಿದ್ದರು.

ಹನ್ನೆರಡು ಕೃತಿಗಳಿಗೆ ಜಾಗ, ಮೂವತ್ತೊಂದು ಚೀಟಿ. ಚಿಕ್ಕಪ್ಪ ಕನ್ನಡಕ ಏರಿಸಿಕೊಂಡು ಒಂದೊಂದನ್ನೇ ಎತ್ತಿ ನೋಡಿದರು. ಅವರ ಪ್ರಕಾರ ಗಿಟಾರಿನವರು ಕೃತಿ ಆರಿಸುವುದು ಇಷ್ಟಪಟ್ಟಲ್ಲ, ಹೆದರಿಕೊಂಡು. ಎಲ್ಲರೂ ನುಡಿಸುವಂಥದ್ದು ಒಂದಿರಬೇಕು, ಇಲ್ಲದಿದ್ದರೆ ಇವಳಿಗೆ ಅದು ಬರುವುದಿಲ್ಲ ಎಂದು ಆಡಿಕೊಳ್ಳುತ್ತಾರೆ. ಯಾರೂ ನುಡಿಸದಂಥದ್ದೂ ಒಂದಿರಬೇಕು, ಅದನ್ನು ಇನ್ನೊಬ್ಬರ ಜೊತೆ ತೂಗಿ ನೋಡಲು ಆಗುವುದಿಲ್ಲ. ಬೆರಳು ಉಳುಕುವಷ್ಟು ವೇಗದ್ದೊಂದು ಉಳಿದ ಗಿಟಾರಿನವರ ಬಾಯಿ ಮುಚ್ಚಿಸಲಿಕ್ಕೆ, ಕೊನೆಯಲ್ಲಿ ನಿಧಾನದ್ದೊಂದು ಅಮ್ಮಂದಿರಿಗೆ. ಒಂದೇ ತಂತಿಯ ಮೇಲೆ ಮೂರು ಬೆರಳಿನಿಂದ ಸ್ವರಗಳನ್ನು ಮಳೆಹನಿಯ ಹಾಗೆ ಉದುರಿಸುವ ಆ ಪ್ರಸಿದ್ಧ ಕೃತಿಯ ಚೀಟಿ ಕೈಗೆ ಸಿಕ್ಕಿದಾಗ ಅವರು ಅದನ್ನು ಕಾಫಿ ಲೋಟದ ಕೆಳಗೆ ತುರುಕಿದರು. ಅದನ್ನು ತಾವೊಬ್ಬರೇ ಹನ್ನೊಂದು ಜನರಿಗೆ ಕತ್ತರಿಸಿ ಜೋಡಿಸಿದ್ದಾಗಿಯೂ, ಹನ್ನೊಂದು ಜನರೂ ಒಂದೇ ಜಾಗದಲ್ಲಿ ಎಡವಿದ್ದಾಗಿಯೂ, ಹನ್ನೆರಡನೆಯವಳು ತಮ್ಮ ಮನೆಯವಳೇ ಆಗುವುದು ಬೇಡವೆಂದೂ ಹೇಳಿದರು. ಹುಡುಗಿ ಲೋಟ ಎತ್ತಿ ಚೀಟಿಯನ್ನು ವಾಪಸು ತೆಗೆದಳು. ಅವರು ಮತ್ತೆ ಇಟ್ಟರು. ಹೀಗೆ ಎರಡು ಕಾಫಿ ಮುಗಿದವು.

ಕೊನೆಯ ಚೀಟಿಯ ಮೇಲೆ ಮಾತ್ರ ಹುಡುಗಿ ಅಂಗೈಯನ್ನೇ ಊರಿ ಕೂತಿದ್ದಳು. ಅದು ಒಂದು ಹಳೆಯ ನಿಧಾನ ನೃತ್ಯ. ಅವಳ ಗುರುಗಳಾದ ಮೇಷ್ಟ್ರು ನಲವತ್ತು ವರ್ಷದ ಹಿಂದೆ ರೆಕಾರ್ಡ್ ಮಾಡಿ ಹೆಸರು ಗಳಿಸಿದ್ದು ಅದರಿಂದಲೇ.

"ಇದನ್ನ ಮಾತ್ರ ಮುಟ್ಟಬೇಡಿ ಚಿಕ್ಕಪ್ಪ," ಎಂದಳು. "ಮಧ್ಯದಲ್ಲಿ ಮೇಷ್ಟ್ರು ಒಂದು ಕಡೆ ಇದ್ದಕ್ಕಿದ್ದ ಹಾಗೆ ರಾಗದಲ್ಲಿ ಮುಂದಕ್ಕೆ ನೆಗೀತಾರಲ್ಲ, ಆ ನೆಗೆತಕ್ಕೋಸ್ಕರಾನೇ ನಾನು ಗಿಟಾರ್ ಹಿಡಿದದ್ದು."

ಚಿಕ್ಕಪ್ಪನಿಗೆ ಕಾಫಿ ನೆತ್ತಿಗೆ ಹತ್ತಿತು. ಹುಡುಗಿ ಅವರ ಬೆನ್ನು ತಟ್ಟುತ್ತಲೇ ಇನ್ನೆರಡು ವಿಷಯ ತಿಳಿಸಿದಳು. ರೆಕಾರ್ಡಿನ ಜೋಡಣೆಯ ಕೆಲಸ ಅವರೇ ಮಾಡಬೇಕು, ಏಕೆಂದರೆ ಅವಳಿಗೆ ಬೇರೆ ಯಾರ ಕಿವಿಯ ಮೇಲೂ ನಂಬಿಕೆಯಿಲ್ಲ. ಎರಡನೆಯದು, ಮೇಷ್ಟ್ರು ಬರಲು ಒಪ್ಪಿದ್ದಾರೆ, ಕೇಳುವ ಕೋಣೆಯಲ್ಲಿ ಚಿಕ್ಕಪ್ಪನ ಪಕ್ಕದಲ್ಲೇ ಕೂರುತ್ತಾರೆ. ಒಳಗಿನಿಂದ ಇದನ್ನು ಕೇಳಿಸಿಕೊಂಡ ಚಿಕ್ಕಮ್ಮ ಬಾಗಿಲಿಗೆ ಬಂದು ಗಂಡನ ಮುಖ ನೋಡಿದರು. ಗಂಡ ಮೇಜಿನ ಮೇಲಿನ ಚೀಟಿ ನೋಡಿದರು.

ಏಕೆಂದರೆ ಆ ನೆಗೆತ ಮೇಷ್ಟ್ರದ್ದಲ್ಲ, ಚಿಕ್ಕಪ್ಪನದ್ದು.

ಆಗ ಅವರಿಗೆ ಇಪ್ಪತ್ತೆಂಟು. ಮದುವೆಯಾಗಿ ಎರಡು ತಿಂಗಳು, ಕೆಲಸಕ್ಕೆ ಸೇರಿ ಒಂದು ವರ್ಷ. ಮೇಷ್ಟ್ರು ಆ ನೃತ್ಯವನ್ನು ಆರು ಸಲ ನುಡಿಸಿದ್ದರು. ಮೂರು ಎಣಿಕೆಗೆ ಒಂದರಂತೆ ತಿರುಗುವ ನಡೆ ಅದು. ಕಲಿತವರು ಆ ಮೂರು ಎಣಿಕೆಯನ್ನು ಬಾರ್ ಎನ್ನುತ್ತಾರೆ, ಕತ್ತರಿಸುವ ಕೋಣೆಯಲ್ಲಿ ಎಲ್ಲರೂ ಸುತ್ತು ಎನ್ನುತ್ತಿದ್ದರು. ಮೂರನೇ ಸಲ ನುಡಿಸಿದ್ದು ಎಲ್ಲಕ್ಕಿಂತ ಚೆನ್ನಾಗಿತ್ತು, ಆದರೆ ನಡುವಿನ ನಾಲ್ಕು ಸುತ್ತಿನಲ್ಲಿ, ಹೆಬ್ಬೆರಳು ದಪ್ಪ ತಂತಿಗಳ ಮೇಲೆ ರಾಗ ನಡೆಸುವ ಕಡೆ, ಎಡವಿತ್ತು. ಮೇಷ್ಟ್ರು ಗಿಟಾರನ್ನು ಪೆಟ್ಟಿಗೆಗೆ ಹಾಕುತ್ತ, ಕೆಟ್ಟದ್ದು ಕಂಡರೆ ಕತ್ತರಿಸು, ನನ್ನ ಮುಖ ನೋಡಬೇಡ ಎಂದು ಹೇಳಿ ಪ್ರವಾಸಕ್ಕೆ ಹೊರಟುಹೋದರು. ಆಗ ಇಬ್ಬರೂ ಜೀವದ ಗೆಳೆಯರು, ದಿನಾ ಸಂಜೆ ಒಂದೇ ಬೆಂಚಿನ ಮೇಲೆ ಕೂತು ಚಹಾ ಕುಡಿಯುವವರು.

ಟೇಪು ಕತ್ತರಿಸುವವರ ಪದ್ಧತಿ ಸರಳವಾದದ್ದು. ಬೇಡದ ತುಂಡನ್ನು ನೆಲಕ್ಕೆ ಬಿಸಾಡುವುದು, ಬೇಕಾದದ್ದನ್ನು ಕೊರಳಿಗೆ ಹಾಕಿಕೊಳ್ಳುವುದು. ಚಿಕ್ಕಪ್ಪ ಮೂರನೇ ಸಲದ ಎಡವಿದ ನಾಲ್ಕು ಸುತ್ತನ್ನು ನೆಲಕ್ಕೆ ಹಾಕಿದರು. ಐದನೇ ಸಲ ನುಡಿಸಿದ್ದರಿಂದ ಅದೇ ನಾಲ್ಕು ಸುತ್ತನ್ನು, ಎರಡಾಳುದ್ದದ ಟೇಪನ್ನು, ಕತ್ತರಿಸಿ ಕೊರಳಿಗೆ ಹಾಕಿಕೊಂಡರು. ಅಷ್ಟರಲ್ಲಿ ಫೋನ್ ಬಂತು. ಹೊಸ ಹೆಂಡತಿ ಮಾಡಿದ್ದು, ಮನೆಯ ಚಾವಿ ಒಳಗೇ ಬಿಟ್ಟು ಬಾಗಿಲು ಎಳೆದುಕೊಂಡಿದ್ದಳಂತೆ. ಅದೇ ಗಡಿಬಿಡಿಯಲ್ಲಿ ಅವರು ಉಳಿದ ಎರಡು ತುದಿಗಳನ್ನು ಅಂಟಿಸಿ, ಕೇಳಿ ನೋಡಿದರು. ಆ ನಾಲ್ಕು ಸುತ್ತಿನ ಮೊದಲ ಸ್ವರವೂ ಅದು ಮುಗಿದ ಮೇಲಿನ ಸ್ವರವೂ ಒಂದೇ ಆಗಿದ್ದರಿಂದ ಬೆಸುಗೆ ಎಲ್ಲಿದೆ ಎಂದೇ ತಿಳಿಯುವಂತಿರಲಿಲ್ಲ. ಟೇಪು ರೆಕಾರ್ಡ್ ಅಚ್ಚು ಹಾಕುವ ಕಾರ್ಖಾನೆಯ ವ್ಯಾನು ಹತ್ತಿತು. ಚಿಕ್ಕಪ್ಪ ಸೈಕಲ್ ಹತ್ತಿದರು. ಮೆಟ್ಟಿಲ ಮೇಲೆ ಕೂತಿದ್ದ ಹೆಂಡತಿ ಅವರನ್ನು ಮೇಲಿಂದ ಕೆಳಗೆ ನೋಡಿ, ಯಾರು ಹಾರ ಹಾಕಿ ಕಳಿಸಿದ್ದು ಎಂದು ಕೇಳಿದಳು.

ಅವರು ಕೊರಳು ಮುಟ್ಟಿ ನೋಡಿಕೊಂಡರು. ನಾಲ್ಕು ಸುತ್ತು ಅಲ್ಲೇ ನೇತಾಡುತ್ತಿತ್ತು.

ವ್ಯಾನು ಆಗಲೇ ಊರು ದಾಟಿತ್ತು. ಹಿಂದಿನ ತಿಂಗಳಷ್ಟೇ ಒಬ್ಬಾತ ಒಂದೇ ಒಂದು ಕೆಮ್ಮನ್ನು ಕತ್ತರಿಸದೆ ಬಿಟ್ಟದ್ದಕ್ಕೆ ಕೆಲಸ ಕಳೆದುಕೊಂಡಿದ್ದ. ಚಿಕ್ಕಪ್ಪ ಬಾಯಿ ಬಿಡಲಿಲ್ಲ. ಟೇಪನ್ನು ಸುರುಳಿ ಸುತ್ತಿ ಒಂದು ತಗಡಿನ ಡಬ್ಬಿಯಲ್ಲಿಟ್ಟು, ಮೇಷ್ಟ್ರು ಬಂದು ಕಪಾಳಕ್ಕೆ ಬಾರಿಸುವುದನ್ನೇ ಕಾಯುತ್ತ ಕೂತರು. ರೆಕಾರ್ಡು ಹೊರಬಂತು. ಮೇಷ್ಟ್ರು ಬರಲಿಲ್ಲ. ಫೋನೂ ಇಲ್ಲ. ಸಂಜೆಯ ಬೆಂಚಿಗೂ ಬರಲಿಲ್ಲ, ಮುಂದಿನ ರೆಕಾರ್ಡನ್ನು ಬೇರೆ ಕಂಪನಿಗೆ ಮಾಡಿದರು. ಅವರಿಗೆ ಎಲ್ಲ ಗೊತ್ತಾಗಿದೆ, ದೊಡ್ಡ ಮನುಷ್ಯರಾದ್ದರಿಂದ ಬಾಯಲ್ಲಿ ಹೇಳದೆ ಮುಖ ತಿರುಗಿಸಿಕೊಂಡಿದ್ದಾರೆ ಎಂದು ಚಿಕ್ಕಪ್ಪ ತೀರ್ಮಾನಿಸಿದರು.

ಆದರೆ ನಾಲ್ಕು ಸುತ್ತು ಬಿಟ್ಟುಹೋಗಿ ಹುಟ್ಟಿದ ಆ ನೆಗೆತ ಲೋಕಕ್ಕೆ ಹುಚ್ಚು ಹಿಡಿಸಿತು. ಆ ನೃತ್ಯದ ಅಚ್ಚಾದ ಹಾಳೆ ಎಲ್ಲೂ ಇರಲಿಲ್ಲ, ಮೇಷ್ಟ್ರಿಗೆ ಅವರ ಗುರುಗಳಿಂದ ಕೈಯಿಂದ ಕೈಗೆ ಬಂದದ್ದು ಅದು. ಹಾಗಾಗಿ ಎಲ್ಲರೂ ರೆಕಾರ್ಡು ಕೇಳಿಯೇ ಕಲಿತರು. ಆಮೇಲೆ ಯಾರೋ ರೆಕಾರ್ಡನ್ನೇ ಕೇಳಿ ಹಾಳೆಯನ್ನೂ ಅಚ್ಚು ಹಾಕಿಸಿದರು. ಪತ್ರಿಕೆಯೊಂದು ಅದನ್ನು ಧೈರ್ಯವಂತನ ನೆಗೆತ ಎಂದು ಹೊಗಳಿತು, ಒಬ್ಬ ವಿದ್ಯಾರ್ಥಿ ಅದರ ಬಗ್ಗೆ ನಲವತ್ತು ಪುಟ ಬರೆದು ಪದವಿ ಪಡೆದ. ಕಛೇರಿಗಳಲ್ಲಿ ಮೇಷ್ಟ್ರು ಕೂಡ ನೆಗೆದೇ ನುಡಿಸಿದರು, ಶಿಷ್ಯರಿಗೂ ಹಾಗೇ ಕಲಿಸಿದರು. ಯಾಕೆ ಹೀಗೆ ಎಂದು ಯಾರಾದರೂ ಕೇಳಿದರೆ ಸುಮ್ಮನೆ ನಗುತ್ತಿದ್ದರು. ಆ ನಗು ತಮ್ಮ ಮೇಲಿನದ್ದೇ ಎಂದು ಚಿಕ್ಕಪ್ಪ ಬಗೆದಿದ್ದರು. ಕಛೇರಿಗೆ ಹೋದರೂ ಕೊನೆಯ ಸಾಲಿನಲ್ಲಿ ಬಾಗಿಲ ಪಕ್ಕ ಕೂತು, ನೃತ್ಯ ಶುರುವಾಗುವ ಮೊದಲೇ ಚಪ್ಪಲಿ ಹುಡುಕುತ್ತಿದ್ದರು.

ಈಗ ಅದೇ ತಪ್ಪನ್ನು ಮನೆಮಗಳ ಮೊದಲ ರೆಕಾರ್ಡಿನಲ್ಲಿ ಮತ್ತೊಮ್ಮೆ, ತಮ್ಮ ಕೈಯಾರೆ, ಮೇಷ್ಟ್ರ ಎದುರಿಗೇ ಕೂತು ಮಾಡಬೇಕು. ಇಲ್ಲವೇ ಬಾಯಿ ಬಿಡಬೇಕು. ಬಾಯಿ ಬಿಟ್ಟರೆ ಹುಡುಗಿ ಪ್ರಾಣಕ್ಕಿಂತ ಹೆಚ್ಚಾಗಿ ಪ್ರೀತಿಸಿದ್ದು ಒಂದು ಮರೆವು ಎಂದಾಗುತ್ತದೆ, ಮೇಷ್ಟ್ರ ನಲವತ್ತು ವರ್ಷದ ಹೆಸರು ಒಬ್ಬ ಹೊಸ ಮದುಮಗನ ಗಡಿಬಿಡಿ ಎಂದಾಗುತ್ತದೆ. ಎರಡು ವಾರ ಅವರಿಗೆ ಊಟ ರುಚಿಸಲಿಲ್ಲ. ಹೇಳಿಬಿಡಿ, ಈ ವಯಸ್ಸಿನಲ್ಲಿ ಯಾರು ನಿಮ್ಮನ್ನು ಕೆಲಸದಿಂದ ತೆಗೆಯುತ್ತಾರೆ ಎಂದು ಚಿಕ್ಕಮ್ಮ ಕೇಳಿದರು. ರೆಕಾರ್ಡಿಂಗಿನ ದಿನ ಚಿಕ್ಕಪ್ಪ ಡಬ್ಬಿಯನ್ನು ಮೂರು ಸಲ ಚೀಲಕ್ಕೆ ಹಾಕಿ ಮೂರು ಸಲ ಹೊರಗೆ ತೆಗೆದರು. ನಾಲ್ಕನೇ ಸಲ ಚಿಕ್ಕಮ್ಮನೇ ಹಾಕಿ ಜಿಪ್ ಎಳೆದುಬಿಟ್ಟರು.

ರೆಕಾರ್ಡಿಂಗ್ ನಡೆದದ್ದು ಒಂದು ಸಂಗೀತ ಶಾಲೆಯ ಮರದ ನೆಲದ ಹಾಲಿನಲ್ಲಿ. ಗಡಿಯಾರದ ಸೆಲ್ ತೆಗೆದಿಟ್ಟರು, ಫ್ಯಾನು ನಿಲ್ಲಿಸಿದರು, ಕಿರುಗುಟ್ಟುವ ಕುರ್ಚಿಯನ್ನು ಮೂರು ಸಲ ಬದಲಾಯಿಸಿದರು. ಹೊಸ ತಂತಿ ಜಾಸ್ತಿ ಕೀರಲು ದನಿ ಮಾಡುತ್ತದೆಂದು ಹುಡುಗಿ ಮೂರು ದಿನ ಮುಂಚೆಯೇ ತಂತಿ ಕಟ್ಟಿ ಪಳಗಿಸಿದ್ದಳು. ಸಣ್ಣ ಮರಳು ಕಾಗದದಿಂದ ಉಗುರು ತೀಡಿಕೊಂಡು, ಎಡಗಾಲನ್ನು ಪುಟ್ಟ ಮಣೆಯ ಮೇಲಿಟ್ಟು ಕೂತಳು.

ಗಾಜಿನ ಈಚೆ ಕೇಳುವ ಕೋಣೆ. ಎಂಬತ್ತರ ಹತ್ತಿರದ ಮೇಷ್ಟ್ರು ಕೋಲೂರಿಕೊಂಡು ಬಂದು, ನೀವು ಚೆನ್ನಾಗಿದ್ದೀರಾ ಎಂದು ಚಿಕ್ಕಪ್ಪನನ್ನು ಕೇಳಿ ಕೂತರು. ಆ ನೀವು ಎಂಬ ಮಾತು ಚಿಕ್ಕಪ್ಪನ ಎದೆಗೆ ಚುಚ್ಚಿತು. ಬೆಂಚಿನ ಕಾಲದಲ್ಲಿ ಅವರಿಬ್ಬರ ನಡುವೆ ಬಹುವಚನಕ್ಕೆ ಜಾಗವೇ ಇರಲಿಲ್ಲ.

ಎರಡು ದಿನ ಒಂದೇ ಮೇಜಿಗೆ ಕೂತು ಹನ್ನೊಂದು ಕೃತಿ ಮುಗಿಸಿದರು. ಆಡಿದ್ದು ಒಟ್ಟು ಹತ್ತು ಮಾತೂ ಇರಲಿಕ್ಕಿಲ್ಲ. ಎರಡನೇ ದಿನ ಮಧ್ಯಾಹ್ನ ನಿಧಾನ ನೃತ್ಯದ ಸರದಿ ಬಂತು. ಹುಡುಗಿ ಕಣ್ಣು ಮುಚ್ಚಿ ಶುರು ಮಾಡಿದಳು. ಚಿಕ್ಕಪ್ಪ ಅವಳನ್ನು ನೋಡದೆ ಮೇಷ್ಟ್ರ ಕಡೆ ಓರೆಗಣ್ಣು ಹಾಯಿಸಿದರು. ಮೇಷ್ಟ್ರ ಬಲಗೈ ಮೊಣಕಾಲ ಮೇಲಿತ್ತು, ಹೆಬ್ಬೆರಳು ಪಂಚೆಯ ಮೇಲೆ ಮೆಲ್ಲಗೆ ಆಡುತ್ತಿತ್ತು. ಆ ಜಾಗ ಬಂತು. ಹುಡುಗಿ ನೆಗೆದಳು, ಎಷ್ಟು ಚೆಂದ ನೆಗೆದಳೆಂದರೆ ಚಿಕ್ಕಪ್ಪನಿಗೇ ಮೈ ಜುಮ್ಮೆಂದಿತು. ಆದರೆ ಮೇಷ್ಟ್ರ ಹೆಬ್ಬೆರಳು ನೆಗೆಯಲಿಲ್ಲ. ಹುಡುಗಿ ಮುಂದೆ ಹೋದರೂ ಅದು ಹಿಂದೆಯೇ ಉಳಿದು, ದಪ್ಪ ತಂತಿಯ ಮೇಲೆ ನಡೆಯುವಂತೆ ನಾಲ್ಕು ಸುತ್ತನ್ನೂ ಒಂದೂ ಬಿಡದೆ ನುಡಿಸಿ ನಿಂತಿತು.

ಚಿಕ್ಕಪ್ಪ ಚೀಲದ ಜಿಪ್ ಎಳೆದರು.

"ಮೇಷ್ಟ್ರೇ, ಅದನ್ನ ನಾನು ಬೇಕೂಂತ ಕತ್ತರಿಸಲಿಲ್ಲ."

ಮೇಷ್ಟ್ರು ತಿರುಗಿ ನೋಡಿದರು. ಚಿಕ್ಕಪ್ಪ ಡಬ್ಬಿ ತೆರೆದು ಕಂದು ಬಣ್ಣದ ಸುರುಳಿಯನ್ನು ಮೇಜಿನ ಮೇಲಿಟ್ಟು, ಚಾವಿ, ಫೋನು, ವ್ಯಾನು, ಸೈಕಲ್ಲು ಎಲ್ಲವನ್ನೂ ಒಂದೇ ಉಸಿರಿನಲ್ಲಿ ಹೇಳಿ ಮುಗಿಸಿದರು. ಕಾಲಿಗೆ ಬೀಳುವುದೊಂದು ಬಾಕಿ. ಗಾಜಿನಾಚೆ ಹುಡುಗಿ ನೃತ್ಯ ಮುಗಿಸಿ ಇವರತ್ತ ಮುಖ ಮಾಡಿ ಕೂತಿದ್ದಳು. ಅವಳನ್ನು ಇಬ್ಬರೂ ಮರೆತೇಬಿಟ್ಟಿದ್ದರು.

"ಬೇಕೂಂತ ಅಲ್ಲವಾ?" ಎಂದು ಮೇಷ್ಟ್ರು ಕೇಳಿದರು. "ಕೆಟ್ಟದ್ದು ಕಂಡರೆ ಕತ್ತರಿಸು ಅಂತ ನಾನೇ ಹೇಳಿದ್ದೆ. ರೆಕಾರ್ಡ್ ಕೇಳಿದಾಗ ಆ ನಾಲ್ಕು ಸುತ್ತು ಇರಲಿಲ್ಲ. ಆರು ಸಲದಲ್ಲಿ ಒಂದು ಸಲಾನೂ ನಿಮ್ಮ ಕಿವಿಗೆ ಒಪ್ಪೋ ಹಾಗೆ ನುಡಿಸೋಕೆ ಆಗಲಿಲ್ಲ ಅಂದ್ಕೊಂಡೆ. ಯಾವ ಮುಖ ಇಟ್ಕೊಂಡು ಬರಲಿ?"

ಬೇರೆ ಕಂಪನಿಗೆ ಹೋದದ್ದೂ ಅದೇ ನಾಚಿಕೆಗಂತೆ. ಕಛೇರಿಯಲ್ಲಿ ಆ ಜಾಗ ಬಂದರೆ ಹೆಬ್ಬೆರಳು ಮರಗಟ್ಟುತ್ತಿತ್ತಂತೆ, ಅದಕ್ಕೇ ನೆಗೆಯುತ್ತಿದ್ದದ್ದು. ಕೇಳಿದವರಿಗೆಲ್ಲ ನಕ್ಕದ್ದು ಬೇರೆ ಏನು ಹೇಳಬೇಕೆಂದು ತೋಚದೆ.

"ದಿನಾ ಬೆಳಿಗ್ಗೆ ಎದ್ದು ಆ ನಾಲ್ಕು ಸುತ್ತು ನುಡಿಸ್ತೀನಿ," ಎಂದರು ಮೇಷ್ಟ್ರು. "ನಲವತ್ತು ವರ್ಷದಿಂದ. ಸರಿ ಹೋದ ದಿನ ನಿಮಗೆ ಫೋನ್ ಮಾಡೋಣ ಅಂತ."

ಚಿಕ್ಕಪ್ಪನಿಗೆ ದುಃಖ ಉಕ್ಕಿ ಬಂತು. ಇಷ್ಟು ವರ್ಷ ಅವರು ಒಂದು ರೆಕಾರ್ಡಿನಿಂದ ಒಂಬತ್ತು ಸೆಕೆಂಡು ಕದ್ದೆನೆಂದು ಕೊರಗಿದ್ದರು. ಕದ್ದದ್ದು ಒಬ್ಬ ಮನುಷ್ಯನ ಅಷ್ಟೂ ಬೆಳಗುಗಳ ನೆಮ್ಮದಿಯನ್ನು. ಅವರು ಟೇಪಿನ ಸುರುಳಿಯನ್ನು ಬಿಡಿಸಿ ಮೇಷ್ಟ್ರ ಕೈಗೆ ಕೊಟ್ಟರು.

"ಕೆಟ್ಟದ್ದನ್ನ ನಾನು ನೆಲಕ್ಕೆ ಬಿಸಾಡ್ತಾ ಇದ್ದೆ ಮೇಷ್ಟ್ರೇ. ಕೊರಳಿಗೆ ಹಾಕ್ಕೊಳ್ತಾ ಇದ್ದದ್ದು ಚೆನ್ನಾಗಿರೋದನ್ನ ಮಾತ್ರ. ಅವತ್ತು ನೀವು ನುಡಿಸಿದ್ದರಲ್ಲೆಲ್ಲಾ ಇದೇ ಚೆನ್ನಾಗಿತ್ತು."

ಮೇಷ್ಟ್ರು ಟೇಪನ್ನು ಬೆಳಕಿಗೆ ಹಿಡಿದು ನೋಡಿದರು, ಏನೋ ಕಾಣಿಸುತ್ತದೆ ಎಂಬಂತೆ. ಇದನ್ನು ಈಗ ಕೇಳಬಹುದೇ ಎಂದರು. ಇಲ್ಲಿರುವುದು ಬರೀ ಕಂಪ್ಯೂಟರು, ಟೇಪು ಓಡಿಸುವ ಯಂತ್ರವಿಲ್ಲ ಎಂದು ಚಿಕ್ಕಪ್ಪ ಹೇಳಿದರು.

"ಚೆನ್ನಾಗಿತ್ತು ಅಂತೀಯಾ?"

ಆ ಏಕವಚನ ಕೇಳಿ ಚಿಕ್ಕಪ್ಪ ಕುರ್ಚಿಯನ್ನು ಮೇಷ್ಟ್ರ ಹತ್ತಿರಕ್ಕೆ ಎಳೆದುಕೊಂಡರು. ಹೌದೆಂದು ತಲೆಯಾಡಿಸಿದರು.

ಅಷ್ಟರಲ್ಲಿ ಸ್ಪೀಕರಿನಿಂದ ಹುಡುಗಿಯ ದನಿ ಬಂತು. ಹೇಗಿತ್ತು ಅಂತ ಯಾರಾದರೂ ಹೇಳುತ್ತೀರೋ, ಇಲ್ಲ ನಾನು ಮನೆಗೆ ಹೋಗಲೋ ಎಂದು ಕೇಳುತ್ತಿದ್ದಳು. ಇಬ್ಬರೂ ತಪ್ಪಿತಸ್ಥರ ಹಾಗೆ ಒಳಗೆ ಹೋದರು. ಚಿಕ್ಕಪ್ಪ ಎರಡನೇ ಸಲ ಕಥೆ ಹೇಳಿದರು. ಹುಡುಗಿ ಒಮ್ಮೆ ಇವರನ್ನು, ಒಮ್ಮೆ ಅವರನ್ನು ನೋಡಿದಳು.

"ಅಂದ್ರೆ ಇಷ್ಟು ವರ್ಷ ನಾನು ಗಂಟೆಗಟ್ಟಲೆ ಕೂತು ಅಭ್ಯಾಸ ಮಾಡಿದ್ದು ಚಿಕ್ಕಪ್ಪನ ಮರೆವನ್ನಾ?"

ಅವಳಿಗೆ ನಗು ಬಂತು, ಹಿಂದೆಯೇ ಕಣ್ಣೂ ತುಂಬಿತು. ಅವಳ ನೆಗೆತ ಹೋಯಿತಲ್ಲ. ಮೇಷ್ಟ್ರು ಅವಳನ್ನು ಎಬ್ಬಿಸಿ ಅವಳ ಕುರ್ಚಿಯಲ್ಲಿ ಕೂತು ಗಿಟಾರ್ ತೆಗೆದುಕೊಂಡರು. ಹೆಬ್ಬೆರಳು ಮೊದಲ ಸಲ ಜಾರಿತು, ಎರಡನೇ ಸಲ ನಡುಗಿತು. ಮೂರನೇ ಸಲ ದಪ್ಪ ತಂತಿಗಳ ಮೇಲೆ ಆ ರಾಗ ಎದ್ದು, ನಾಲ್ಕು ಸುತ್ತು ಸುತ್ತಿ, ಹೊರಟ ಸ್ವರಕ್ಕೇ ವಾಪಸು ಬಂತು. ಹುಡುಗಿ ಕಣ್ಣೊರೆಸಿಕೊಂಡು, ಇನ್ನೊಂದು ಸಲ ನುಡಿಸಿ ಎಂದಳು. ಆಮೇಲೆ ಇನ್ನೊಂದು ಸಲ. ಮುಕ್ಕಾಲು ಗಂಟೆಯಲ್ಲಿ ಕಲಿತಳು, ಆಮೇಲೆ ಅದನ್ನೇ ಸೇರಿಸಿ ರೆಕಾರ್ಡ್ ಮಾಡಿದಳು. ಚಿಕ್ಕಪ್ಪ ಕಂಪ್ಯೂಟರಿನ ಮುಂದೆ ಕೂತು ಆ ನಾಲ್ಕು ಸುತ್ತು ಕೇಳುವಾಗ ಅವರ ಕೈ ತಾನಾಗಿಯೇ ಕೊರಳಿಗೆ ಹೋಯಿತು.

ನೆಗೆತ ಎಲ್ಲಿ ಹೋಯಿತು ಎಂದು ಜನ ಹುಡುಗಿಯನ್ನು ಪೀಡಿಸುತ್ತಾರಲ್ಲ ಎಂದು ಚಿಕ್ಕಪ್ಪ ಚಿಂತೆ ಮಾಡಿದರು. ಅಂಥವರನ್ನು ನನ್ನ ಹತ್ತಿರ ಕಳಿಸು, ನಲವತ್ತು ವರ್ಷ ನಕ್ಕು ನಕ್ಕು ದವಡೆ ನೋವು ಬಂದಿದೆ, ಇನ್ನು ಬಾಯಿ ಬಿಟ್ಟು ಹೇಳುತ್ತೇನೆ ಎಂದರು ಮೇಷ್ಟ್ರು.

ಸಂಜೆ ಮನೆಗೆ ಬಂದಾಗ ಚಿಕ್ಕಮ್ಮ ಚೀಲ ತೆಗೆದು ನೋಡಿದರು. ಡಬ್ಬಿ ಖಾಲಿ.

"ಹಾರ ಎಲ್ಲಿ?"

"ಮೇಷ್ಟ್ರು ಕೊರಳಿಗೆ ಹಾಕ್ಕೊಂಡು ಹೋದ್ರು."

ಹಾಗೇ ಬೀದಿಯಲ್ಲೇ ಹೋದರೇ ಎಂದು ಚಿಕ್ಕಮ್ಮ ಕೇಳಿದರು. ಬಸ್ಸಿನಲ್ಲಿ, ಕಿಟಕಿ ಪಕ್ಕ ಕೂತು ಹೋದರು ಎಂದರು ಚಿಕ್ಕಪ್ಪ. ಆ ರಾತ್ರಿ ಎರಡು ವಾರದ ಊಟವನ್ನು ಒಟ್ಟಿಗೇ ಮಾಡಿ ಮಲಗಿದರು.

ಮರುದಿನ ಬೆಳಿಗ್ಗೆ ಆರೂವರೆಗೆ ಫೋನ್ ಬಡಿದುಕೊಂಡಿತು. ಚಿಕ್ಕಪ್ಪ ಎತ್ತಿ ಹಲೋ ಎಂದರು. ಆಚೆ ಕಡೆ ಫೋನನ್ನು ಯಾವುದೋ ಮೇಜಿನ ಮೇಲಿಟ್ಟ ಸದ್ದು, ಕುರ್ಚಿ ಎಳೆದ ಸದ್ದು, ಆಮೇಲೆ ಗಿಟಾರ್. ಹೆಬ್ಬೆರಳು ದಪ್ಪ ತಂತಿಗಳ ಮೇಲೆ ನಡೆಯಿತು, ಒಂದು, ಎರಡು, ಮೂರು, ನಾಲ್ಕು ಸುತ್ತು. ಚಿಕ್ಕಪ್ಪ ಗೋಡೆ ಹಿಡಿದುಕೊಂಡು ಕೇಳಿದರು.

"ಏನಂತೀಯಾ?" ಎಂದು ಮೇಷ್ಟ್ರು ಕೇಳಿದರು.

ಚಿಕ್ಕಪ್ಪ ಫೋನನ್ನು ಇನ್ನೊಂದು ಕಿವಿಗೆ ಬದಲಾಯಿಸಿಕೊಂಡರು.

"ಎರಡನೇ ಸುತ್ತಲ್ಲಿ ತಂತಿ ಸ್ವಲ್ಪ ಕಿರುಗುಟ್ಟಿತು."

"ಅವತ್ತೂ ಕಿರುಗುಟ್ಟಿತ್ತಾ?"

"ಅವತ್ತೂ ಅಲ್ಲೇ ಕಿರುಗುಟ್ಟಿತ್ತು. ಆದ್ರೂ ಕೊರಳಿಗೆ ಹಾಕ್ಕೊಂಡಿದ್ದೆ."

ಆಚೆ ಕಡೆ ಮೇಷ್ಟ್ರು ಮನಸಾರೆ ನಕ್ಕರು. ಸಂಜೆ ಆ ಬೆಂಚು ಇನ್ನೂ ಅಲ್ಲೇ ಇದೆಯೋ ನೋಡಿಬರೋಣ, ಐದು ಗಂಟೆಗೆ ಬಂದುಬಿಡು ಎಂದು ಹೇಳಿ ಫೋನ್ ಇಟ್ಟರು.